ಸೊಟ್ಟಪಾದ: ಪ್ಲಾಸ್ಟರ್ ಕೆಲವು ವಾರ, ಬೂಟು ನಾಲ್ಕು ವರ್ಷ

ಹೆರಿಗೆಯಾಗಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗ ಎಲ್ಲರೂ ಮೊದಲು ನೋಡುವುದು ಮುಖವನ್ನು. ಕಾಲು ಕಣ್ಣಿಗೆ ಬೀಳುವುದು ಬಟ್ಟೆ ಬದಲಿಸುವಾಗ. ಪಾದ ಒಳಕ್ಕೆ ತಿರುಚಿದೆ, ಅಂಗಾಲು ಇನ್ನೊಂದು ಕಾಲಿನತ್ತ ಮುಖ ಮಾಡಿದೆ, ಹಿಮ್ಮಡಿ ಮೇಲಕ್ಕೆ ಸೇದಿಕೊಂಡಿದೆ. ಆಗ ಮಂಚದ ಸುತ್ತ ನಿಂತವರ ಬಾಯಿಂದ ಬರುವ ಮಾತುಗಳು ಹೆಚ್ಚುಕಡಿಮೆ ಇವೇ: 'ಎಣ್ಣ ಹಚ್ಚಿ ನೀವಿದ್ರ ಸರ್ಯಾಯ್ತದ ಬುಡು ಕನವ್ವ.' 'ಗ್ರಾಣದ ದಿನ ಕುಡ್ಲು ಮುಟ್ಟಿದ್ದಾ?' 'ದೊಡ್ಡದಾದ ಮ್ಯಾಲ ಆಪ್ರೇಶನ್ ಮಾಡ್ಸುದ್ರಾಯ್ತು ಬುಡು.'

ಮೂರೂ ತಪ್ಪು. ಮೊದಲ ಮಾತು ಕೆಲವು ವಾರಗಳನ್ನು ತಿನ್ನುತ್ತದೆ, ಎರಡನೆಯದು ಬಾಣಂತಿಯ ನೆಮ್ಮದಿಯನ್ನು. ಮೂರನೆಯದು ಮಗುವಿನ ಕಾಲನ್ನೇ ತಿನ್ನುತ್ತದೆ.

ಯಳಂದೂರು ತಾಲ್ಲೂಕಿನ ಹೊನ್ನೂರಾಗಲಿ, ಕೊಳ್ಳೇಗಾಲದ ಪಾಳ್ಯವಾಗಲಿ, ಹನೂರಿನ ಲೊಕ್ಕನಹಳ್ಳಿಯಾಗಲಿ, ಇಂಥ ಮಗು ಹುಟ್ಟಿದ ಮನೆಯವರಿಗೆ ತಿಳಿದಿರಬೇಕಾದ ಸಂಗತಿ ಒಂದಿದೆ. ಹುಟ್ಟಿನಿಂದ ಬಂದ ಸೊಟ್ಟಪಾದವನ್ನು ದೊಡ್ಡ ಆಪರೇಷನ್ ಇಲ್ಲದೆ, ವಾರವಾರ ಹಾಕುವ ಪ್ಲಾಸ್ಟರ್ ಕಟ್ಟುಗಳಿಂದಲೇ ಬಹುಪಾಲು ನೇರ ಮಾಡಬಹುದು. ಹಾಗೆ ನೇರವಾದ ಪಾದವನ್ನು ನೇರವಾಗಿಯೇ ಉಳಿಸಿಕೊಳ್ಳುವುದು ಮಾತ್ರ ಆಸ್ಪತ್ರೆಯ ಕೈಯಲ್ಲಿಲ್ಲ, ಮನೆಯವರ ಕೈಯಲ್ಲಿದೆ. ನಮ್ಮ ಕಡೆ ಚಿಕಿತ್ಸೆ ಎಡವುವುದು ಈ ಎರಡನೆಯ ಘಟ್ಟದಲ್ಲಿ. ಹಾಗಾಗಿ ಈ ಲೇಖನದಲ್ಲಿ ಪ್ಲಾಸ್ಟರಿಗಿಂತ ಬೂಟಿನ ಮಾತೇ ಹೆಚ್ಚು.

ಇದು ಸೊಟ್ಟಪಾದವೇ?

ಸುಮಾರು ಸಾವಿರ ಹೆರಿಗೆಗೆ ಒಂದು ಮಗುವಿಗೆ ಇದು ಬರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡು ಪಟ್ಟು ಹೆಚ್ಚು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ಹಾಗಿರುತ್ತವೆ.

ಒಳಕ್ಕೆ ತಿರುಗಿದ ಪಾದವೆಲ್ಲ ಸೊಟ್ಟಪಾದವಲ್ಲ. ಗರ್ಭದ ಇಕ್ಕಟ್ಟಿನಲ್ಲಿ ಮಡಚಿಕೊಂಡಿದ್ದರಿಂದ ಬಾಗಿದ ಪಾದ ಮೆತ್ತಗಿರುತ್ತದೆ. ಬೆರಳಿನಿಂದ ಹಗುರವಾಗಿ ತಳ್ಳಿದರೆ ನೇರವಾಗುತ್ತದೆ, ಇನ್ನೂ ಸ್ವಲ್ಪ ಮೇಲಕ್ಕೂ ಬರುತ್ತದೆ. ಇದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಅಜ್ಜಿಯರು 'ನೀವಿ ನೀವಿ ಸರಿಮಾಡಿದೆ' ಎಂದು ಹೇಳಿಕೊಳ್ಳುವ ಪಾದಗಳು ಬಹುಶಃ ಇವೇ. ನಿಜವಾದ ಸೊಟ್ಟಪಾದ ಬಿಗಿಯಾಗಿರುತ್ತದೆ, ತಳ್ಳಿದರೂ ನೇರಕ್ಕೆ ಬರುವುದಿಲ್ಲ. ಹಿಮ್ಮಡಿ ಚಿಕ್ಕದು, ಮುಟ್ಟಿದರೆ ಒಳಗೆ ಮೂಳೆಯೇ ಇಲ್ಲವೇನೋ ಎನಿಸುವಷ್ಟು ಮೆತ್ತಗೆ. ಅಂಗಾಲಿನ ನಡುವೆ ಮತ್ತು ಹಿಮ್ಮಡಿಯ ಮೇಲೆ ಆಳವಾದ ಗೆರೆ ಇರುತ್ತದೆ. ಒಂದೇ ಕಾಲಿಗಿದ್ದರೆ ಆ ಕಾಲಿನ ಮೀನಖಂಡ ತುಸು ತೆಳ್ಳಗೆ ಕಾಣುತ್ತದೆ. ಈ ವ್ಯತ್ಯಾಸವನ್ನು ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ. ವೈದ್ಯರಿಗೆ ತೋರಿಸಿ. ತೋರಿಸಿದಾಗ ಮಗುವಿನ ಬೆನ್ನು, ಸೊಂಟದ ಕೀಲು, ಕೈಗಳನ್ನೂ ನೋಡಲು ಕೇಳಿ. ಬೆನ್ನಿನ ಕೆಳಭಾಗದಲ್ಲಿ ಗಂಟು ಅಥವಾ ಕೂದಲಿನ ಗೊಂಚಲು ಇದ್ದರೆ, ಬೇರೆ ಕೀಲುಗಳೂ ಬಿಗಿಯಾಗಿದ್ದರೆ ವಿಷಯ ಬರೀ ಪಾದದ್ದಲ್ಲ.

ಗ್ರಹಣದ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಪಾದ ತಿರುಚುವುದು ಮಗು ಗರ್ಭದಲ್ಲಿರುವಾಗಲೇ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣುತ್ತದೆ. ಗ್ರಹಣ ಕಂಡ ಸೀಮೆಯಲ್ಲೂ ಕಾಣದ ಸೀಮೆಯಲ್ಲೂ, ಗ್ರಹಣದ ಭಯವೇ ಇಲ್ಲದ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಕಾರಣ ಪೂರ್ತಿ ಬಿಡಿಸಿಕೊಂಡಿಲ್ಲ. ವಂಶವಾಹಿಯ ಪಾಲು ಇದೆ, ಮನೆಯಲ್ಲಿ ಒಂದು ಮಗುವಿಗೆ ಇದ್ದರೆ ಮುಂದಿನದಕ್ಕೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ತಾಯಿ ಕುಡುಗೋಲು ಮುಟ್ಟಿದ್ದಕ್ಕೂ, ಕಾಲು ಮಡಚಿ ಕೂತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗೊತ್ತಾದರೆ ಗಾಬರಿ ಬೇಡ. ಹೆರಿಗೆಯಾದ ಮೇಲೆ ಎಲ್ಲಿ ತೋರಿಸಬೇಕೆಂದು ವಿಚಾರಿಸಿಟ್ಟುಕೊಳ್ಳಲು ಅದೊಂದು ಅವಕಾಶ.

ಬರೀ ಪ್ಲಾಸ್ಟರಿನಿಂದ ಹೇಗೆ ನೇರವಾಗುತ್ತದೆ?

ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ 1914ರಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದುಡಿದ ಇಗ್ನಾಸಿಯೊ ಪೊನ್ಸೆಟಿ ಎಂಬ ಮೂಳೆವೈದ್ಯರು 1940ರ ದಶಕದ ಕೊನೆಯಲ್ಲಿ ಈ ವಿಧಾನವನ್ನು ರೂಪಿಸಿದರು. ಆಗ ಸೊಟ್ಟಪಾದವನ್ನು ಕುಯ್ದು ಬಿಚ್ಚಿ ಸರಿಪಡಿಸುವ ಆಪರೇಷನ್‌ಗಳು ಚಾಲ್ತಿಯಲ್ಲಿದ್ದವು. ಪಾದ ನೋಡಲು ನೇರವಾಗುತ್ತಿತ್ತು, ಆದರೆ ಆ ಮಕ್ಕಳು ದೊಡ್ಡವರಾದಾಗ ಪಾದ ಬಿಗಿದುಕೊಂಡು ನೋಯುತ್ತಿತ್ತು. ಪೊನ್ಸೆಟಿ ಸರಿಪಡಿಸಿದ ಪಾದಗಳನ್ನು 30 ವರ್ಷಗಳ ನಂತರ ನೋಡಿದ ವರದಿ 1995ರಲ್ಲಿ ಪ್ರಕಟವಾಯಿತು. ಶೇಕಡ 78 ಮಂದಿಯ ಪಾದ ಚೆನ್ನಾಗಿ ಅಥವಾ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಜಗತ್ತು ಈ ದಾರಿಗೆ ಬಂದದ್ದು ಆ ಮೇಲೆ. ಪೊನ್ಸೆಟಿ ಹುಟ್ಟಿದ ಜೂನ್ 3ನ್ನು ಈಗ ವಿಶ್ವ ಸೊಟ್ಟಪಾದ ದಿನವೆಂದು ಆಚರಿಸುತ್ತಾರೆ.

ಹುಟ್ಟಿದ ಮಗುವಿನ ಪಾದದಲ್ಲಿ ಗಟ್ಟಿ ಮೂಳೆ ಕಡಿಮೆ, ಹೆಚ್ಚಿನದೆಲ್ಲ ಮೃದುವಾದ ಎಲುಬು. ಅವನ್ನು ಹಿಡಿದಿರುವ ನಾರಿನ ಕಟ್ಟುಗಳು ಬಿಗಿಯಾಗಿದ್ದರೂ ನಿಧಾನವಾಗಿ ಎಳೆದರೆ ಹಿಗ್ಗುತ್ತವೆ. ವೈದ್ಯರು ಪಾದವನ್ನು ನೋವಾಗದಷ್ಟು ಮಾತ್ರ ತಿರುಗಿಸಿ, ಆ ಜಾಗದಲ್ಲೇ ನಿಲ್ಲುವಂತೆ ಪ್ಲಾಸ್ಟರ್ ಹಾಕುತ್ತಾರೆ. ಒಂದು ವಾರ ಹಾಗೇ ಹಿಡಿದಿಟ್ಟರೆ ಆ ನಾರಿನ ಕಟ್ಟುಗಳು ಸಡಿಲಗೊಂಡು, ಎಳೆಯ ಮೂಳೆ ಹೊಸ ಆಕಾರಕ್ಕೆ ಹೊಂದಿಕೊಳ್ಳಲು ಶುರುಮಾಡುತ್ತದೆ. ಮುಂದಿನ ವಾರ ಇನ್ನಷ್ಟು.

ಇದರಲ್ಲೊಂದು ಗುಟ್ಟಿದೆ. ಕಣಕಾಲಿನ ಕೆಳಗೆ, ಹಿಮ್ಮಡಿ ಮೂಳೆಯ ಮೇಲೆ ಟಾಲಸ್ ಎಂಬ ಮೂಳೆ ಕೂತಿದೆ. ರಾಗಿ ಬೀಸುವ ಕಲ್ಲಿನ ಮೇಲುಹೋಳು ನಡುವಿನ ಗೂಟದ ಸುತ್ತ ತಿರುಗುವ ಹಾಗೆ, ಉಳಿದ ಪಾದವೆಲ್ಲ ಈ ಮೂಳೆಯ ಸುತ್ತ ಹೊರಕ್ಕೆ ತಿರುಗಬೇಕು. ವೈದ್ಯರ ಹೆಬ್ಬೆರಳು ಟಾಲಸ್‌ನ ತಲೆಯ ಮೇಲೆ ಒತ್ತಿ ಹಿಡಿದಿದ್ದರೆ ಪಾದ ಹಾಗೆ ತಿರುಗುತ್ತದೆ. ಬೇರೆ ಕಡೆ ಒತ್ತಿದರೆ ಪಾದ ಮಧ್ಯದಲ್ಲಿ ಮುರಿದಂತೆ ಬಾಗುತ್ತದೆ, ಒಳಗಿನ ಸೊಟ್ಟು ಹಾಗೇ ಉಳಿಯುತ್ತದೆ. ಮನೆಯಲ್ಲಿ ಎಷ್ಟೇ ಪ್ರೀತಿಯಿಂದ ನೀವಿದರೂ ಇದು ಸಾಧ್ಯವಿಲ್ಲ. ನೀವಿದ ಕೈ ತೆಗೆದ ಮರುಗಳಿಗೆ ಪಾದ ಹಿಂದಕ್ಕೆ ಹೋಗುತ್ತದೆ. ಮೂಳೆ ಕಟ್ಟುವ ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಕಟ್ಟುವ ಕಟ್ಟಿಗೂ ಇದೇ ಮಾತು. ಮುರಿದ ಮೂಳೆಯನ್ನು ಅಲ್ಲಾಡದಂತೆ ಹಿಡಿದಿಡುವುದೇ ಬೇರೆ, ಪಾದವನ್ನು ಹಂತಹಂತವಾಗಿ ತಿರುಗಿಸುವುದೇ ಬೇರೆ. ಎಳೆ ಚರ್ಮಕ್ಕೆ ದಬ್ಬೆಯ ಕಟ್ಟು ಹುಣ್ಣನ್ನೂ ತರುತ್ತದೆ.

ಎಲ್ಲಿಗೆ, ಯಾವಾಗ

ಹುಟ್ಟಿದ ದಿನವೇ ಓಡಬೇಕಾದ ತುರ್ತು ಇದಲ್ಲ. ಮಗು ಹಾಲು ಕುಡಿಯಲು ಕಲಿತು, ತೂಕ ಹಿಡಿಯಲು ಶುರುಮಾಡಲಿ. ಮೊದಲ ಒಂದೆರಡು ವಾರದೊಳಗೆ ಪ್ಲಾಸ್ಟರ್ ಶುರುವಾದರೆ ಒಳ್ಳೆಯದು. ತೂಕ ತೀರಾ ಕಡಿಮೆಯಿದ್ದರೆ ವೈದ್ಯರೇ ಕಾಯಲು ಹೇಳುತ್ತಾರೆ.

ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಪಾದದ ವಿಷಯವನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಬರೆಸುವುದು ಮರೆತಿದ್ದರೆ ಆಶಾ ಕಾರ್ಯಕರ್ತೆ 3, 7, 14ನೇ ದಿನ ಹೀಗೆ ಮನೆಗೆ ಬರುತ್ತಾರಲ್ಲ, ಆಗ ಕಾಲು ಬಿಚ್ಚಿ ತೋರಿಸಿ. ಬಟ್ಟೆ ಸುತ್ತಿದ ಕೂಸನ್ನು ತೂಗಿ ಹೋಗುವಷ್ಟರಲ್ಲಿ ಕಾಲು ನೋಡುವುದು ತಪ್ಪಿಹೋಗಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುದೋಷಗಳ ಪಟ್ಟಿಗೆ ಸೊಟ್ಟಪಾದವೂ ಸೇರಿದೆ. ಜನ ಈ ಕಾರ್ಯಕ್ರಮವನ್ನು ಆರ್‌ಬಿಎಸ್‌ಕೆ ಎಂದೇ ಕರೆಯುತ್ತಾರೆ. ಅಂಗನವಾಡಿ, ಶಾಲೆಗಳಿಗೆ ಬರುವ ಅದರ ತಂಡ ಮಗುವನ್ನು ಮೇಲಿನ ಆಸ್ಪತ್ರೆಗೆ ಚೀಟಿ ಬರೆದು ಕಳಿಸುತ್ತದೆ. ತಂಡ ಊರಿಗೆ ಬರಲೆಂದು ಕಾಯಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಸಾಕು.

ಮೂಳೆ ವಿಭಾಗವಿರುವ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಚಾಮರಾಜನಗರದ ವೈದ್ಯಕೀಯ ಕಾಲೇಜಿನದು, ಜನರ ಬಾಯಲ್ಲಿ ಸಿಮ್ಸ್. ಅದರಾಚೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಹೊನ್ನೂರಿನಿಂದ ಹೊರಡುವವರಿಗೆ ಯಳಂದೂರು, ಸಂತೇಮರಹಳ್ಳಿ ಮೇಲೆ ಚಾಮರಾಜನಗರ ಹತ್ತಿರ. ಹನೂರಿನ ಕಾಡಂಚಿನ ಊರುಗಳಿಂದ ಎಲ್ಲವೂ ದೂರವೇ. ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದು: 'ಎಳೆ ಮಕ್ಕಳಿಗೆ ಪೊನ್ಸೆಟಿ ಪ್ಲಾಸ್ಟರ್ ಯಾವ ವಾರ ಹಾಕುತ್ತೀರಿ?' ಈ ಕಟ್ಟು ಹಾಕಲು ಕೈ ಪಳಗಿರಬೇಕು. ಎಲ್ಲ ವಾರವೂ ಒಂದೇ ಕಡೆ, ಸಾಧ್ಯವಾದರೆ ಒಬ್ಬರೇ ವೈದ್ಯರ ಕೈಯಲ್ಲಿ ಹಾಕಿಸುವುದು ಒಳ್ಳೆಯದು.

ವಾರಕ್ಕೊಂದು ಓಡಾಟ ಕೂಲಿಯವರ ಮನೆಗೆ ಭಾರವೇ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ತಾಯಿಗೂ ಜೊತೆಗೆ ಬರುವ ಅಜ್ಜಿಗೂ ಸರ್ಕಾರಿ ಬಸ್ಸಿನ ಟಿಕೆಟ್ ಹಣ ಉಳಿಯುತ್ತದೆ. ಗಂಡಸು ಕೂಲಿ ಬಿಟ್ಟು ಬರಲೇಬೇಕೆಂದಿಲ್ಲ. ಆದರೆ ಮೊದಲ ದಿನವೂ, ಬೂಟು ಕೊಡುವ ದಿನವೂ ಅಪ್ಪ ಜೊತೆಗಿರಲಿ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಪ್ಲಾಸ್ಟರಿನ ವಾರಗಳು

ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರ್. ಪ್ರತಿಯೊಂದೂ ಬೆರಳಿನ ಬುಡದಿಂದ ತೊಡೆಯ ಮೇಲಿನವರೆಗೆ ಬರುತ್ತದೆ, ಮೊಣಕಾಲು ಮಡಿಚಿರುತ್ತದೆ. ಪಾದಕ್ಕೆ ತೊಂದರೆ ಇರುವಾಗ ತೊಡೆಗೇಕೆ ಎಂದು ಕೇಳುವವರುಂಟು. ಮೊಣಕಾಲಿನ ಕೆಳಗೇ ನಿಲ್ಲಿಸಿದರೆ ಮಗು ಒದೆಯುತ್ತ ಕಟ್ಟನ್ನು ಜಾರಿಸಿಬಿಡುತ್ತದೆ, ಪಾದ ಒಳಗೊಳಗೇ ತಿರುಗಿಬಿಡುತ್ತದೆ.

ಮೊದಲ ಕಟ್ಟು ಬಿದ್ದ ದಿನ ಪಾದ ಇನ್ನೂ ಸೊಟ್ಟಗಾದಂತೆ ಕಾಣಬಹುದು. ಹೆದರಬೇಡಿ. ಅಂಗಾಲಿನ ಆಳದ ಕಮಾನನ್ನು ಮೊದಲು ತಗ್ಗಿಸಲು ಹೆಬ್ಬೆರಳ ಕಡೆಯನ್ನು ಎತ್ತಿ ಹಾಕಿರುತ್ತಾರೆ. ಎರಡನೆಯ, ಮೂರನೆಯ ಕಟ್ಟಿಗೆ ಪಾದ ಹೊರಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಕೆನಡಾದ ಮೂಳೆವೈದ್ಯ ಶಫೀಕ್ ಪಿರಾನಿ ರೂಪಿಸಿದ ಸೊನ್ನೆಯಿಂದ ಆರರವರೆಗಿನ ಅಂಕವೊಂದಿದೆ. ಆರು ಎಂದರೆ ತೀರಾ ಸೊಟ್ಟ. ಪ್ರತಿ ವಾರದ ಅಂಕವನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ. ಅಂಕ ಇಳಿಯುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಎರಡು ಮೂರು ವಾರ ಒಂದೇ ಕಡೆ ನಿಂತಿದ್ದರೆ ಕಾರಣ ಕೇಳುವ ಹಕ್ಕು ನಿಮ್ಮದು.

ಮನೆಗೆ ಬಂದ ಮೇಲೆ:

1. ಮೊದಲ ದಿನ ಪ್ಲಾಸ್ಟರ್ ಪೂರ್ತಿ ಒಣಗುವವರೆಗೆ ಕಂಬಳಿ ಮುಚ್ಚಬೇಡಿ. ಕಾಲಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಹಿಮ್ಮಡಿ ನೆಲಕ್ಕೆ ಒತ್ತದಂತೆ ಮಲಗಿಸಿ.

2. ಮೊದಲ ದಿನ ಗಂಟೆಗೊಮ್ಮೆ, ಆಮೇಲೆ ದಿನಕ್ಕೆ ನಾಲ್ಕೈದು ಸಲ ಬೆರಳು ನೋಡಿ. ಬೆರಳ ತುದಿ ಒತ್ತಿ ಬಿಟ್ಟರೆ ಬಿಳಿಚಿಕೊಂಡು, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬಿಳುಪಾಗಿಯೇ ಉಳಿದರೆ, ನೀಲಿಯಾದರೆ, ತಣ್ಣಗಿದ್ದರೆ, ಊದಿಕೊಂಡರೆ ಆಗಲೇ ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೂ ಸರಿ, ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ. ಕಟ್ಟು ಬಿಚ್ಚಿಸಿ.

3. ಬೆರಳುಗಳು ದಿನದಿನಕ್ಕೆ ಒಳಗೆ ಹೋಗುತ್ತಿವೆಯೇ ನೋಡಿ. ಹೋಗುತ್ತಿದ್ದರೆ ಪ್ಲಾಸ್ಟರ್ ಜಾರಿದೆ ಎಂದರ್ಥ. ಜಾರಿದ ಕಟ್ಟು ಕಟ್ಟಿಲ್ಲದ್ದಕ್ಕಿಂತ ಕೆಟ್ಟದ್ದು. ಮುಂದಿನ ವಾರದ ತನಕ ಕಾಯಬೇಡಿ.

4. ನೀರೆರೆಯುವುದನ್ನು ಪ್ಲಾಸ್ಟರ್ ಇರುವಷ್ಟು ವಾರ ನಿಲ್ಲಿಸಿ. ನಮ್ಮ ಕಡೆ ಇದೇ ಕಷ್ಟದ ಮಾತು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯದಿದ್ದರೆ ಮಗು ಮೈ ಹಿಡಿಯುವುದಿಲ್ಲ ಎಂದು ಅಜ್ಜಿಯರು ಹಟ ಹಿಡಿಯುತ್ತಾರೆ. ಒದ್ದೆ ಬಟ್ಟೆಯಿಂದ ಮೈ ಒರೆಸಿ, ತಲೆಗೆ, ಎದೆಗೆ ಎಣ್ಣೆ ಹಚ್ಚಿ. ಕಾಲಿನತ್ತ ಎಣ್ಣೆ ಇಳಿಯದಿರಲಿ. ಪ್ಲಾಸ್ಟರ್ ಬದಲಿಸುವ ದಿನ ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ಮೇಲೆ ಕಾಲು ತೊಳೆಯಲು ಅವಕಾಶ ಕೊಡಿ ಎಂದು ಕೇಳಿ, ಸೋಪು ಟವೆಲ್ ಒಯ್ಯಿರಿ.

5. ಉಚ್ಚೆ ಪ್ಲಾಸ್ಟರಿನ ಒಳಗೆ ಇಳಿಯದಂತೆ ಲಂಗೋಟಿಯನ್ನು ಪ್ಲಾಸ್ಟರಿನ ಅಂಚಿಗಿಂತ ಮೇಲೆ ಕಟ್ಟಿ, ಬೇಗ ಬೇಗ ಬದಲಿಸಿ. ಒಳಗಿಂದ ಕೆಟ್ಟ ವಾಸನೆ, ಜ್ವರ, ಸಮಾಧಾನವಾಗದ ಅಳು ಇದ್ದರೆ ಒಳಗೆ ಹುಣ್ಣಾಗಿರಬಹುದು, ತೋರಿಸಿ.

ಲಸಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 6, 10, 14ನೇ ವಾರದ ಲಸಿಕೆಗಳನ್ನು ತೊಡೆಗೆ ಚುಚ್ಚುತ್ತಾರೆ, ತೊಡೆಯೋ ಪ್ಲಾಸ್ಟರಿನೊಳಗಿರುತ್ತದೆ. 'ಕಟ್ಟು ಬಿಚ್ಚಿದ ಮೇಲೆ ಹಾಕಿಸಿದರಾಯಿತು' ಎಂದು ಲಸಿಕೆ ತಪ್ಪಿಸಬೇಡಿ. ತಾಯಿ ಕಾರ್ಡ್ ಜೊತೆಗೊಯ್ದು, ಹಳೆಯ ಕಟ್ಟು ಬಿಚ್ಚಿ ಹೊಸದು ಹಾಕುವ ನಡುವೆ ಅಲ್ಲೇ ಲಸಿಕೆ ಹಾಕಿಸಲು ಸಾಧ್ಯವೇ ಎಂದು ಮೊದಲೇ ಮಾತಾಡಿಕೊಳ್ಳಿ.

ಹಳೆಯ ಕಟ್ಟನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ನೆನೆಸಿ ಬಿಚ್ಚಿಕೊಂಡು ಹೋಗುವುದು ಬೇಡ. ಒಂದು ರಾತ್ರಿಯಲ್ಲಿ ಪಾದ ಹಿಂದಕ್ಕೆ ಸರಿಯುತ್ತದೆ, ಆ ವಾರದ ಕೆಲಸ ಸ್ವಲ್ಪ ವ್ಯರ್ಥವಾಗುತ್ತದೆ. ಹಾಗೆಯೇ ಮಗು ಹಸಿದುಕೊಂಡೇ ಆಸ್ಪತ್ರೆ ತಲುಪಲಿ. ಪ್ಲಾಸ್ಟರ್ ಹಾಕುವಾಗ ತಾಯಿ ಮೊಲೆಗಿಟ್ಟರೆ ಮಗು ಕಾಲು ಸಡಿಲ ಬಿಡುತ್ತದೆ, ಕಟ್ಟು ಚೆನ್ನಾಗಿ ಕೂರುತ್ತದೆ.

ಹಿಮ್ಮಡಿಯ ಸಣ್ಣ ಕುಯ್ತ

ಪಾದ ಹೊರಕ್ಕೆ 60ರಿಂದ 70 ಡಿಗ್ರಿ ತಿರುಗಿದ ಮೇಲೂ ಹಿಮ್ಮಡಿ ಮಾತ್ರ ಕೆಳಗೆ ಬರದೆ ಉಳಿಯುವುದುಂಟು. ಹಿಮ್ಮಡಿಗೆ ಅಂಟಿದ ಹುರಿ ಗಿಡ್ಡವಾಗಿರುವುದೇ ಕಾರಣ. ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಆ ಹುರಿಯನ್ನು ಸಣ್ಣ ಬ್ಲೇಡಿನಿಂದ ಕತ್ತರಿಸುತ್ತಾರೆ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು ಕೆಲವೇ ನಿಮಿಷದಲ್ಲಿ ಮುಗಿಸಬಹುದು. 'ನರ ಕತ್ತರಿಸಿದರೆ ಕಾಲು ಬಿದ್ದುಹೋಗುತ್ತದೆ' ಎಂದು ಇಲ್ಲಿಯವರೆಗೆ ಬಂದು ಹಿಂದೆ ಸರಿಯುವವರಿದ್ದಾರೆ. ಅದು ನರವಲ್ಲ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ. ಆ ಮೇಲೆ ಹಾಕುವ ಕೊನೆಯ ಪ್ಲಾಸ್ಟರಿನೊಳಗೆ ಮೂರು ವಾರದಲ್ಲಿ ಅದು ಸರಿಯಾದ ಉದ್ದಕ್ಕೆ ಮತ್ತೆ ಬೆಳೆಯುತ್ತದೆ. ಪ್ಲಾಸ್ಟರಿನ ಹಿಮ್ಮಡಿಯಲ್ಲಿ ನಾಣ್ಯದಗಲ ರಕ್ತದ ಕಲೆ ಕಂಡರೆ ಗಾಬರಿ ಬೇಡ. ಕಲೆ ಹರಡುತ್ತ ಹೋದರೆ ಫೋನ್ ಮಾಡಿ.

ಬೂಟು: ನಿಜವಾದ ಚಿಕಿತ್ಸೆ ಇಲ್ಲಿ ಶುರು

ಕೊನೆಯ ಪ್ಲಾಸ್ಟರ್ ಬಿಚ್ಚಿದಾಗ ಪಾದ ನೇರವಾಗಿರುತ್ತದೆ, ತುಸು ಹೊರಕ್ಕೇ ತಿರುಗಿರುತ್ತದೆ. ಮನೆಯವರ ಮುಖದಲ್ಲಿ ಗೆಲುವು. ಅಪಾಯ ಶುರುವಾಗುವುದೂ ಆ ಗಳಿಗೆಯಲ್ಲೇ. ಪಾದವನ್ನು ಗರ್ಭದಲ್ಲಿ ತಿರುಚಿದ್ದು ಯಾವುದೋ ಅದು ಇನ್ನೂ ಸತ್ತಿಲ್ಲ. ಮಗು ವೇಗವಾಗಿ ಬೆಳೆಯುವ ಮೊದಲ ನಾಲ್ಕೈದು ವರ್ಷ ಅದು ಪಾದವನ್ನು ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಎದುರು ಎಳೆಯಲು ಬೂಟು ಬೇಕು. ನಡುವೆ ಕಂಬಿ ಇರುವ ಜೋಡಿ ಬೂಟಿದು: ಸೊಟ್ಟಗಿದ್ದ ಪಾದ 60ರಿಂದ 70 ಡಿಗ್ರಿ ಹೊರಕ್ಕೆ, ಒಳ್ಳೆಯ ಪಾದ 30ರಿಂದ 40 ಡಿಗ್ರಿ ಹೊರಕ್ಕೆ ತಿರುಗಿ ನಿಲ್ಲುವಂತೆ ಕೂಡಿಸಿರುತ್ತಾರೆ. ಒಂದೇ ಕಾಲು ಸೊಟ್ಟಗಿದ್ದರೂ ಎರಡಕ್ಕೂ ಬೂಟು ಬೇಕು. ಒಂದು ಕಾಲಿಗೆ ಮಾತ್ರ ಹಾಕಿದರೆ ಹೊರಕ್ಕೆ ಹಿಡಿದಿಡಲು ಆಧಾರವಿರುವುದಿಲ್ಲ.

ಪೊನ್ಸೆಟಿ ವಿಧಾನದ ಕೈಪಿಡಿ ಒಂದು ಲೆಕ್ಕ ಕೊಡುತ್ತದೆ. ಬೂಟನ್ನು ಹೇಳಿದಂತೆ ಹಾಕಿದ ಮನೆಗಳಲ್ಲಿ ಸೊಟ್ಟು ಮರಳಿದ್ದು ಶೇಕಡ 6 ಮಕ್ಕಳಿಗೆ. ಹಾಕದ ಮನೆಗಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಕ್ಕಳಿಗೆ.

ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಉಳಿದ ಒಂದು ಗಂಟೆ ಸ್ನಾನಕ್ಕೆ. ಆಮೇಲೆ ರಾತ್ರಿ ನಿದ್ದೆಗೂ ಹಗಲಿನ ನಿದ್ದೆಗೂ ಸೇರಿ 12ರಿಂದ 14 ಗಂಟೆ. ನಾಲ್ಕು ವರ್ಷ ತುಂಬುವವರೆಗೆ, ಕೆಲವರಿಗೆ ಐದು.

ಈ ಲೆಕ್ಕ ತಪ್ಪುವುದು ಹೀಗೆ: ಬಾಣಂತನ ತವರುಮನೆಯಲ್ಲಿ. ಪ್ಲಾಸ್ಟರಿನ ಓಡಾಟ, ಬೂಟಿನ ಮೊದಲ ಪಾಠ ಎಲ್ಲ ತವರಿನ ಅವ್ವ, ತಮ್ಮಂದಿರ ಜೊತೆ. ಮೂರು ತಿಂಗಳಿಗೋ ಐದು ತಿಂಗಳಿಗೋ ತಾಯಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಬರುತ್ತಾಳೆ. ಅಲ್ಲಿಯ ಅತ್ತೆ ಸೊಟ್ಟಪಾದವನ್ನು ಹೆರಿಗೆಯ ದಿನ ಒಮ್ಮೆ ಕಂಡದ್ದಷ್ಟೇ. ಈಗ ಅವಳ ಕಣ್ಣೆದುರು ನೆಟ್ಟಗಿರುವ ಪಾದ, ಅದಕ್ಕೆ ಕಂಬಿ ಬಿಗಿದ ಬೂಟು, ರಾತ್ರಿಯೆಲ್ಲ ಅಳುವ ಮೊಮ್ಮಗು. 'ಕಾಲು ಸರ್ಯಾಗದಲ್ಲ, ಇನ್ಯಾಕವ್ವ ಮಗೀಗ ಈ ಸಿಕ್ಸೆ' ಎನ್ನುವುದು ಕಠಿಣ ಮನಸ್ಸಿನ ಮಾತಲ್ಲ, ಪ್ರೀತಿಯದ್ದೇ. ಎದುರು ಹೇಳಲು ಸೊಸೆಗೆ ಬಲ ಸಾಲದು. ಬೂಟು ಅಟ್ಟ ಸೇರುತ್ತದೆ. ಅದಕ್ಕೇ ಬೂಟು ಕೊಡುವ ದಿನ ಮಗುವಿನ ಅಪ್ಪ, ಸಾಧ್ಯವಾದರೆ ಅತ್ತೆಯೂ, ಆಸ್ಪತ್ರೆಗೆ ಬರಲಿ. ಯಾಕೆ ನಾಲ್ಕು ವರ್ಷ ಎನ್ನುವುದನ್ನು ವೈದ್ಯರ ಬಾಯಿಂದಲೇ ಕೇಳಲಿ. ಮೊದಲ ದಿನದ ಪಾದದ ಫೋಟೊ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ವಾದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಹಾಕುವ ಕ್ರಮ:

1. ಮೆತ್ತನೆಯ ಹತ್ತಿ ಕಾಲುಚೀಲ ಸುಕ್ಕಿಲ್ಲದಂತೆ ಹಾಕಿ.

2. ಹೆಚ್ಚು ಸೊಟ್ಟಗಿದ್ದ ಪಾದಕ್ಕೆ ಮೊದಲು ಬೂಟು. ಎರಡೂ ಒಂದೇ ರೀತಿ ಇದ್ದರೆ ಮಗು ಹೆಚ್ಚು ಒದೆಯುವ ಕಾಲು ಕೊನೆಗೆ.

3. ಮೊಣಕಾಲು ಮಡಿಚಿ ಹಿಡಿದು, ಹಿಮ್ಮಡಿಯನ್ನು ಬೂಟಿನ ತಳಕ್ಕೆ ತಾಗುವವರೆಗೆ ಕೂರಿಸಿ. ಮೊದಲು ನಡುವಿನ ಪಟ್ಟಿ ಬಿಗಿಯಿರಿ, ಆಮೇಲೆ ದಾರ. ಹಿಮ್ಮಡಿಯನ್ನು ಕೆಳಗೆ ಹಿಡಿದಿಡುವುದು ಆ ನಡುವಿನ ಪಟ್ಟಿಯೇ.

4. ಕಾಲನ್ನು ಹಗುರವಾಗಿ ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿ. ಬೆರಳು ಬೂಟಿನೊಳಗೆ ಸರಿದಾಡಿದರೆ ಹಿಮ್ಮಡಿ ಕೂತಿಲ್ಲ, ಮತ್ತೆ ಬಿಗಿಯಿರಿ. ಹಿಮ್ಮಡಿ ಸರಿಯಾಗಿ ಕೂತಾಗ ಬೆರಳು ಬರುವ ಜಾಗಕ್ಕೆ ಬೂಟಿನ ಒಳತಳದಲ್ಲಿ ಪೆನ್ನಿನಿಂದ ಗೆರೆ ಎಳೆದಿಟ್ಟರೆ ದಿನಾ ಸುಲಭ.

5. ಮೊದಲ ಎರಡು ಮೂರು ರಾತ್ರಿ ಮಗು ಅಳುತ್ತದೆ. ನೋವಿಗಲ್ಲ, ಎರಡೂ ಕಾಲು ಒಟ್ಟಿಗೇ ಆಡಬೇಕಾದ ಕಸಿವಿಸಿಗೆ. ಕಂಬಿ ಹಿಡಿದು ಎರಡೂ ಮೊಣಕಾಲನ್ನು ಒಟ್ಟಿಗೆ ಮಡಿಸಿ ಚಾಚಿಸುತ್ತ ಆಟವಾಡಿಸಿ, ಕಲಿಯುತ್ತದೆ. ಅಳುತ್ತದೆಂದು ಬಿಚ್ಚಿದಿರೋ, ಅತ್ತರೆ ಬಿಚ್ಚುತ್ತಾರೆ ಎಂದು ಕಲಿಯುತ್ತದೆ.

ಕಂಬಿಗೆ ಹಳೆಯ ಬಟ್ಟೆ ಸುತ್ತಿ. ಮಗುವಿಗೂ, ಪಕ್ಕದಲ್ಲಿ ಮಲಗುವವರಿಗೂ, ಉಕ್ಕಿನ ಪಾತ್ರೆಗೂ ಏಟು ತಪ್ಪುತ್ತದೆ. ಸೀರೆಯ ಜೋಲಿಯಲ್ಲಿ ಕಂಬಿ ಇಕ್ಕಟ್ಟಾಗುತ್ತದೆ. ಅಗಲದ ತೊಟ್ಟಿಲು ಅಥವಾ ಚಾಪೆಯೇ ಮೇಲು. ಸೊಂಟದ ಮೇಲೆ ಕೂರಿಸಿಕೊಳ್ಳಲು ಕಂಬಿ ಬಿಡದು, ಎದೆಗೆ ಒರಗಿಸಿ ಎತ್ತಿಕೊಳ್ಳಿ.

ಪ್ರತಿ ಬಾರಿ ಬಿಚ್ಚಿದಾಗ ಚರ್ಮ ನೋಡಿ. ತೆಳು ಕೆಂಪು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ತೊಂದರೆಯಿಲ್ಲ. ಹಿಮ್ಮಡಿಯ ಹಿಂದೆ ಗಾಢ ಕೆಂಪು, ಬೊಬ್ಬೆ ಇದ್ದರೆ ಬೂಟು ಸಡಿಲವಾಗಿ ಪಾದ ಜಾರುತ್ತಿದೆ. ಬಿಗಿ ಹೆಚ್ಚಾದದ್ದಲ್ಲ, ಕಡಿಮೆಯಾದದ್ದು. ಕೆಂಪಾದ ಕಡೆ ಎಣ್ಣೆ, ಕ್ರೀಮು ಹಚ್ಚಬೇಡಿ, ಚರ್ಮ ಇನ್ನೂ ಮೆತ್ತಗಾಗಿ ಕಿತ್ತುಬರುತ್ತದೆ.

ಸಾಮಾನ್ಯ ತಪ್ಪುಗಳು

ಜಾತ್ರೆಯ ರಜೆ. ದೀಪಾವಳಿ, ಶಿವರಾತ್ರಿ, ಯುಗಾದಿಗೆ ಮಾದಪ್ಪನ ಬೆಟ್ಟಕ್ಕೆ ಹೊರಟ ಮನೆ ಮಗುವಿನ ಬೂಟನ್ನು ಊರಲ್ಲೇ ಬಿಟ್ಟು ಹೋಗುತ್ತದೆ, ಪ್ಲಾಸ್ಟರ್ ಬದಲಿಸುವ ದಿನವೂ ತಪ್ಪುತ್ತದೆ. ಹರಕೆ ಹೊತ್ತುಕೊಳ್ಳಿ, ಮುಡಿ ಕೊಡಿ. ಬೂಟು ಬುತ್ತಿಯ ಜೊತೆ ಚೀಲದಲ್ಲಿರಲಿ.

ಕೂಲಿಗೆ ಬೇರೆ ಊರಿಗೆ ಹೋಗುವುದು. ಕೊಡಗಿನ ತೋಟಕ್ಕೋ ತಮಿಳುನಾಡಿನ ಕಡೆಗೋ ತಿಂಗಳುಗಟ್ಟಲೆ ಹೋಗುವವರು ಹೊರಡುವ ಮೊದಲೇ ಆಸ್ಪತ್ರೆಗೆ ಹೇಳಿ. ಬೂಟು ಚಿಕ್ಕದಾಗುವ ಹೊತ್ತಾಗಿದ್ದರೆ ಮುಂದಿನ ಅಳತೆಯದನ್ನು ಕೇಳಿ, ಹೋದ ಕಡೆ ತೋರಿಸಲು ಚೀಟಿ ಬರೆಸಿಕೊಳ್ಳಿ.

ಬೂಟನ್ನು ಊರಲ್ಲೇ 'ಸರಿಪಡಿಸುವುದು'. ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ಭಾರಿ ಗಾತ್ರದ ಚರ್ಮದ ಪಾದುಕೆ ಹೊಲಿದು ಒಪ್ಪಿಸುವ ಕೈಗಳು ಇದೇ ಸೀಮೆಯಲ್ಲಿವೆ. ಹೊಲಿಗೆ ಬಿಟ್ಟ ಪಟ್ಟಿಯನ್ನು ಅವರು ಚೆನ್ನಾಗಿಯೇ ಹೊಲಿದುಕೊಡುತ್ತಾರೆ, ಹೊಲಿಸಿ. ಉಗಾಂಡದಲ್ಲಿ ಇಂಥ ಬೂಟನ್ನು ಸ್ಥಳೀಯ ಚರ್ಮ, ಕಬ್ಬಿಣದಿಂದಲೇ ಮಾಡುವ ಮಾದರಿಯೊಂದು ಬೆಳೆದು ಹಲವು ದೇಶಗಳಿಗೆ ಹೋಗಿದೆ. ನಮ್ಮಲ್ಲೂ ಅದಾದರೆ ಚೆಂದ. ಆದರೆ ಕಂಬಿಯ ಉದ್ದ, ಪಾದದ ಕೋನ ಬದಲಿಸುವ ಕೆಲಸ ಆಸ್ಪತ್ರೆಯಲ್ಲೇ ಆಗಲಿ. ಕಂಬಿ ಮಗುವಿನ ಭುಜದಗಲ ಇರಬೇಕು. ಗಿಡ್ಡವಾದರೆ ಮಗು ಸಹಿಸುವುದಿಲ್ಲ.

ಚಿಕ್ಕದಾದ ಬೂಟನ್ನೇ ಮುಂದುವರಿಸುವುದು. ಬೆರಳು ಬೂಟಿನ ತುದಿಯಿಂದ ಹೊರಗೆ ಬಾಗಿದರೆ ಹೊಸದು ಬೇಕು. ಮೊದಲ ವರ್ಷದಲ್ಲಿ ಇದು ಬೇಗ ಬರುತ್ತದೆ.

ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನ ಬೂಟು ಇಲ್ಲದೆ ಮನೆಗೆ ಬರುವುದು. 'ಬೂಟು ಬಂದ ಮೇಲೆ ಫೋನ್ ಮಾಡ್ತೀವಿ' ಎಂದರೆ ಒಪ್ಪಬೇಡಿ. ಬೂಟು ಕೈಗೆ ಬರುವವರೆಗೆ ಇನ್ನೊಂದು ಪ್ಲಾಸ್ಟರ್ ಹಾಕಿ ಎಂದು ಕೇಳಿ. ಅಳತೆಯನ್ನು ಹಿಮ್ಮಡಿಯ ಕುಯ್ತದ ದಿನವೇ ಕೊಟ್ಟಿಟ್ಟರೆ ಮೂರು ವಾರದ ಸಮಯ ಸಿಗುತ್ತದೆ.

ಚಿಕಿತ್ಸೆ ಕೊಡಿಸದೆ ಅಂಗವಿಕಲ ಕಾರ್ಡಿಗೆ ಓಡುವುದು. ಇದನ್ನು ಬರೆಯಲು ಬೇಸರ. ಆದರೂ ಮಾಸಾಶನಕ್ಕಿಂತ ನೆಟ್ಟಗಿನ ಕಾಲು ದೊಡ್ಡದು ಎಂದು ಮಗುವಿನ ಪರವಾಗಿ ಯಾರಾದರೂ ಹೇಳಲೇಬೇಕು.

ಮಗು ಈಗಾಗಲೇ ನಡೆಯುತ್ತಿದ್ದರೆ

ಎರಡು, ನಾಲ್ಕು, ಆರು ವರ್ಷವಾಗಿ, ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿರುವ ಮಕ್ಕಳಿಗೂ ಇದೇ ವಿಧಾನ ಫಲ ಕೊಡುತ್ತದೆ. ಪ್ಲಾಸ್ಟರುಗಳ ಸಂಖ್ಯೆ ಹೆಚ್ಚಾಗಬಹುದು, ಕೆಲವರಿಗೆ ಕೊನೆಯಲ್ಲಿ ಆಪರೇಷನ್ ಬೇಕಾಗಬಹುದು. ಆದರೆ ದೊಡ್ಡ ಆಪರೇಷನ್ನಿನಿಂದಲೇ ಶುರುಮಾಡೋಣ ಎಂದು ಯಾರಾದರೂ ಹೇಳಿದರೆ, ಪ್ಲಾಸ್ಟರ್ ಹಾಕಿ ನೋಡಿದ ಮೇಲೆ ನಿರ್ಧರಿಸಬಹುದೇ ಎಂದು ಕೇಳಿ, ಇನ್ನೊಂದು ಕಡೆಯೂ ತೋರಿಸಿ. 'ಕಾಲ ಮೀರಿಹೋಯಿತು' ಎಂದು ಊರವರು ಹೇಳುವ ಮಾತನ್ನು ಕೊನೆಯ ಮಾತೆಂದು ತೆಗೆದುಕೊಳ್ಳಬೇಡಿ.

ಮರಳಿ ಬರುತ್ತಿದೆಯೇ?

ಬೂಟು ಕೊಟ್ಟ ಎರಡು ವಾರಕ್ಕೆ, ಮೂರು ತಿಂಗಳಿಗೆ, ಆಮೇಲೆ ಮೂರು ವರ್ಷ ತುಂಬುವವರೆಗೆ ನಾಲ್ಕು ತಿಂಗಳಿಗೊಮ್ಮೆ, ನಾಲ್ಕು ತುಂಬುವವರೆಗೆ ಆರು ತಿಂಗಳಿಗೊಮ್ಮೆ, ಮುಂದೆ ಬೆಳವಣಿಗೆ ನಿಲ್ಲುವವರೆಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ತೋರಿಸಬೇಕು. ನಡುವೆ ಮನೆಯಲ್ಲೇ ಗಮನಿಸಬೇಕಾದದ್ದಿದೆ. ಬೂಟು ಹಾಕಲು ಇದ್ದಕ್ಕಿದ್ದಂತೆ ಕಷ್ಟವಾಗುತ್ತಿದೆಯೇ, ಹಿಮ್ಮಡಿ ತಳಕ್ಕೆ ಕೂರುತ್ತಿಲ್ಲವೇ? ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲವೇ, ಪಾದ ಒಳಕ್ಕೆ ಬಾಗುತ್ತಿದೆಯೇ, ಚಪ್ಪಲಿ ಹೊರ ಅಂಚಿನಲ್ಲಿ ಬೇಗ ಸವೆಯುತ್ತಿದೆಯೇ? ಕುಕ್ಕರುಗಾಲಲ್ಲಿ ಕೂತಾಗ ಎರಡೂ ಹಿಮ್ಮಡಿ ನೆಲದ ಮೇಲಿವೆಯೇ? ಮಕ್ಕಳು ಗೋಲಿಯಾಡುವಾಗ, ಬಯಲಿಗೆ ಕೂತಾಗ ಈ ಕೊನೆಯದನ್ನು ಸುಲಭವಾಗಿ ನೋಡಬಹುದು. ಒಂದು ಹಿಮ್ಮಡಿ ಎದ್ದಿದ್ದರೆ ಆ ವಾರವೇ ಹೊರಡಿ.

ಮರಳಿದ ಪಾದಕ್ಕೆ ಮೊದಲ ಮದ್ದು ಮತ್ತೆ ಎರಡು ಮೂರು ಪ್ಲಾಸ್ಟರ್, ಮತ್ತೆ ಬೂಟು. ಎರಡೂವರೆ ವರ್ಷ ದಾಟಿದ ಮೇಲೂ ಪಾದ ನಡೆಯುವಾಗ ಒಳಕ್ಕೇ ಎಳೆಯುತ್ತಿದ್ದರೆ, ಮುಂಗಾಲಿನ ಒಂದು ಹುರಿಯನ್ನು ಹೊರಬದಿಗೆ ಸರಿಸಿ ಕೂಡಿಸುವ ಆಪರೇಷನ್ನನ್ನು ವೈದ್ಯರು ಸೂಚಿಸಬಹುದು. ಕೀಲುಗಳನ್ನೇ ಬಿಚ್ಚುವ ಹಳೆಯ ಕಾಲದ ದೊಡ್ಡ ಆಪರೇಷನ್ ಅದಲ್ಲ.

ಸರಿಹೋದ ಪಾದ ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದಾಗಿರಬಹುದು, ಮೀನಖಂಡ ತೆಳ್ಳಗೇ ಉಳಿಯಬಹುದು. ಶಾಲೆಗೆ ಶೂ ಕೊಳ್ಳುವಾಗ ದೊಡ್ಡ ಪಾದದ ಅಳತೆಗೆ ಕೊಂಡು, ಚಿಕ್ಕದಕ್ಕೆ ಒಳಗೊಂದು ಮೆತ್ತೆ ಇಟ್ಟರೆ ಸಾಕು. ಓಟ, ಕಬಡ್ಡಿ, ಬೆಟ್ಟ ಹತ್ತುವುದು ಯಾವುದನ್ನೂ ತಡೆಯಬೇಕಿಲ್ಲ. ಮಗುವಿಗೆ ಚಿಕ್ಕದಾದ ಬೂಟು ಗಟ್ಟಿಯಾಗಿಯೇ ಇದ್ದರೆ ಆಸ್ಪತ್ರೆಗೆ ಮರಳಿಸಿ. ಹೊಸದಕ್ಕಾಗಿ ಕಾಯುತ್ತಿರುವ ಇನ್ನೊಂದು ಮನೆಗೆ ಅದು ಆಗಬಹುದು.